ಶಿಯರ್‌ನಲ್ಲಿ ತಗಡು ಕಟ್ ಆಗ್ತಿಲ್ಲ, ಮಡಚಿಕೊಳ್ತಿದೆ. ತಲೆ ಕೆಟ್ಟಿದೆ, ಯಾರಾದ್ರೂ ಹೇಳಿ

ಬೆಣ್ಣೆದೋಸೆ_77 (ದಾವಣಗೆರೆ):
ಮೂರು ದಿನದಿಂದ ಇದೇ ಗೋಳು. ತಗಡು ಕತ್ತರಿಸೋ ಮೆಷಿನ್ ಇದೆಯಲ್ಲ, ಆ ಶಿಯರ್‌ಗೆ ತಗಡು ಕೊಟ್ಟು ಹಿಡಿ ಎಳೆದರೆ ಕಟ್ ಆಗಲ್ಲ, ಎರಡು ಬ್ಲೇಡಿನ ನಡುವೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೀಬೇಕು. ಖಾರ ಮಂಡಕ್ಕಿ ಅಂಗಡಿಯವರಿಗೆ ಆರು ಡಬ್ಬ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡಿದ್ದೀನಿ, ಶುಕ್ರವಾರ ಕೊಡಬೇಕು, ಅಡ್ವಾನ್ಸ್ ಆಗಲೇ ಖರ್ಚಾಗಿದೆ. ಎರಡು ತಗಡು ಗುಜರಿಗೆ ಹೋಯ್ತು. ಏನು ಮಾಡಲಿ?

ದುರ್ಗದ_ಕಿಡಿ:
ಯಾವ ತಗಡು, ಎಷ್ಟು ಗೇಜು ದಪ್ಪ, ಎಂಥಾ ಶಿಯರ್, ಒಂದೂ ಹೇಳಿಲ್ಲ. ನಾವೇನು ಕವಡೆ ಹಾಕಿ ನೋಡಬೇಕಾ?

ಬೆಣ್ಣೆದೋಸೆ_77:
ಮಾಮೂಲಿ ಜಿಐ ತಗಡು ಅಣ್ಣಾ, ಸತು ಲೇಪದ್ದು, 24 ಗೇಜು. ಶಿಯರೂ ಮಾಮೂಲಿದೇ, ಬೆಂಚಿಗೆ ಬೋಲ್ಟ್ ಹಾಕಿ ಕೂರಿಸೋದು, ಉದ್ದ ಹಿಡಿ ಇರುತ್ತಲ್ಲ ಅದು.

ಲೇತ್_ಹರಿಹರ:
ಬ್ಲೇಡು ಮೊಂಡಾಗಿದೆ. ಬೇರೆ ಏನೂ ಇಲ್ಲ. ಸಾಣೆ ಹಿಡಿಸಿ, ಸರಿ ಹೋಗುತ್ತೆ.

ಬೆಣ್ಣೆದೋಸೆ_77:
ಮೊಂಡಾಗಿಲ್ಲ ಸಾರ್, ಉಗುರಿಗೆ ಇಟ್ಟರೆ ಹಿಡಿಯುತ್ತೆ.

ಲೇತ್_ಹರಿಹರ:
ಉಗುರಿಗೆ ಹಿಡಿಯೋದು ಬೇರೆ, ತಗಡಿಗೆ ಹಿಡಿಯೋದು ಬೇರೆ. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ಹತ್ತಕ್ಕೆ ಒಂಬತ್ತು ಸಲ ಸಾಣೆದೇ ತಕರಾರು. ಇನ್ನೊಂದು ಸಲ ಹಿಡಿಸಿ ನೋಡಿ.

ಕೊಂಡಜ್ಜಿ_ಹುಡುಗ:
ಆ ಶಿಯರ್ ಬಿಟ್ಟಾಕಿ ಗುರು. ನಾಲ್ಕಿಂಚು ಗ್ರೈಂಡರ್‌ಗೆ 1 ಮಿ.ಮೀ. ಕಟಿಂಗ್ ವೀಲ್ ಹಾಕಿ, ಸರ್ ಅಂತ ಹೋಗುತ್ತೆ.

ದುರ್ಗದ_ಕಿಡಿ:
ಹೋಗುತ್ತೆ, ಜೊತೆಗೆ ಅಂಚಿನ ಸತುವೂ ಸುಟ್ಟು ಹೋಗುತ್ತೆ. ಮಳೆಗಾಲ ಮುಗಿಯೋದ್ರೊಳಗೆ ಆ ಅಂಚಿಗೆ ತುಕ್ಕು. ಮಂಡಕ್ಕಿ ಹಾಕೋ ಡಬ್ಬ ಅದು, ನೆನಪಿರಲಿ. ಅಂಚಿನ ಮುಳ್ಳು ಬೇರೆ ಕೈ ಕೊಯ್ಯುತ್ತೆ. ಕೈಕತ್ತರಿಯಲ್ಲೇ ಮಾಡಿ, 24 ಗೇಜಿಗೆ ಧಾರಾಳ ಆಗುತ್ತೆ.

ಕೊಂಡಜ್ಜಿ_ಹುಡುಗ:
ಕೈಕತ್ತರಿ ಅಂದ್ರೆ ಆ ಕೆಂಪು ಹಿಡಿದಾ? ಅದು ಬಲಕ್ಕೆ ತಿರುಗೋದಲ್ವಾ?

ದುರ್ಗದ_ಕಿಡಿ:
ಉಲ್ಟಾ. ಕೆಂಪು ಎಡಕ್ಕೆ, ಹಸಿರು ಬಲಕ್ಕೆ, ಹಳದಿ ನೇರಕ್ಕೆ. ವಿಮಾನದ ತಗಡು ಕತ್ತರಿಸೋಕೆ ಅಂತ ಹುಟ್ಟಿದ ಕತ್ತರಿ ಅದು, ಅದಕ್ಕೇ ಏವಿಯೇಷನ್ ಸ್ನಿಪ್ ಅನ್ನೋದು.

ಲೇತ್_ಹರಿಹರ:
24 ಗೇಜು ಅಂದ್ರೆ 0.7 ಮಿ.ಮೀ. ಅದಕ್ಕೆ ಕೈಕತ್ತರಿ ಹಿಡಿದ್ರೆ ಸಂಜೆ ಹೊತ್ತಿಗೆ ಅಂಗೈಲಿ ಬೊಬ್ಬೆ.

ದುರ್ಗದ_ಕಿಡಿ:
0.7 ಎಲ್ಲಿಂದ ಬಂತು? 24 ಗೇಜು 0.56.

ಲೇತ್_ಹರಿಹರ:
ನಮ್ಮ ಚಾರ್ಟಲ್ಲಿ 0.7 ಇದೆ. ಗೋಡೆ ಮೇಲೇ ಅಂಟಿಸಿದ್ದೀನಿ.

ದುರ್ಗದ_ಕಿಡಿ:
ನಿಮ್ಮ ಗೋಡೆ ಅಮೆರಿಕದ್ದು. ಅವರ ಜಿಐ ಗೇಜಲ್ಲಿ 24 ಅಂದ್ರೆ 0.70, ಬ್ರಿಟಿಷರ ಗೇಜು ಎಸ್‌ಡಬ್ಲ್ಯುಜಿಯಲ್ಲಿ 0.56. ಅಂಗಡಿಯಲ್ಲಿ ಗೇಜು ಕೇಳಬಾರದು, ಮಿ.ಮೀ. ಕೇಳಬೇಕು. ಕೊಟ್ಟಿದ್ದನ್ನೂ ಮೈಕ್ರೋಮೀಟರ್ ಇಟ್ಟೇ ನೋಡಬೇಕು. ನನ್ನ ಶೆಡ್ಡಲ್ಲಿ ಎರಡು ಮೈಕ್ರೋಮೀಟರ್ ಇವೆ, ಒಂದು ಬರೀ ತಗಡಿಗೆ ಅಂತಾನೇ. ನಾಲ್ಕಡಿ ಫುಟ್ ಶಿಯರ್ ಹೋದ ವರ್ಷ ತಂದೆ, ಕಾಲಲ್ಲಿ ತುಳಿದರೆ ತಗಡು ಈ ಕಡೆಯಿಂದ ಆ ಕಡೆವರೆಗೆ ಒಂದೇ ಏಟಿಗೆ. ಪಕ್ಕದಲ್ಲಿ ಬೆಂಡಿಂಗ್‌ಗೆ ಬೇರೆ ಬೆಂಚು, ಮೇಲೆ ಎಲ್‌ಇಡಿ ಪಟ್ಟಿ ಲೈಟು. ಫೋಟೋ ಹಾಕ್ತೀನಿ ಇರಿ.

ಬೆಣ್ಣೆದೋಸೆ_77:
ಅಣ್ಣಾ ನಿಮ್ಮ ಲೈಟು ಆಮೇಲೆ ನೋಡೋಣ, ನನ್ನ ಡಬ್ಬದ ಕಥೆ ಹೇಳಿ 🙏 ಇದೇ ಶಿಯರಲ್ಲಿ ಬೆಳಿಗ್ಗೆ 3 ಮಿ.ಮೀ. ಪಟ್ಟಿ ಬೆಣ್ಣೆ ಥರ ಕಟ್ ಆಯ್ತು. ತೆಳ್ಳಗಿನ ತಗಡಿಗೇ ಈ ನಾಟಕ.

ಹಳೇ_ಪಾನಾ:
ಈ ಮಾತು ಮೊದಲೇ ಹೇಳಬೇಕಿತ್ತು ತಮ್ಮಾ. ದಪ್ಪ ಪಟ್ಟಿ ಕಟ್ ಆಗಿ ತೆಳು ತಗಡು ಮಡಚಿದರೆ ಹರಿತದ ಮಾತೇ ಅಲ್ಲ. ಬ್ಲೇಡುಗಳ ನಡುವೆ ಸಂದು ಬಿದ್ದಿದೆ. ಸಂದು ತಗಡಿನ ದಪ್ಪದ ನೂರಕ್ಕೆ ಐದರಿಂದ ಹತ್ತು ಭಾಗ ಇರಬೇಕು. 3 ಮಿ.ಮೀ. ಪಟ್ಟಿಗೆ 0.2 ಸಂದು ನಡೆಯುತ್ತೆ. 0.56 ತಗಡಿಗೆ ಅದು ಹೆಬ್ಬಾಗಿಲು, ಬಗ್ಗಿಕೊಂಡು ಒಳಗೆ ನುಗ್ಗುತ್ತೆ. ಒಂದು ಹಾಳೆ ನ್ಯೂಸ್‌ಪೇಪರ್ ಕೊಟ್ಟು ನೋಡು. ಸಂದು ಸರಿ ಇದ್ದರೆ ಪೇಪರ್ರೂ ಕಟ್ ಆಗುತ್ತೆ.
ಬ್ಲೇಡು ಬಿಚ್ಚಿದ್ದೆಯಾ ಇತ್ತೀಚೆಗೆ?

ಬೆಣ್ಣೆದೋಸೆ_77:
ಹೋದ ವಾರ ಸಾಣೆ ಹಿಡಿಸಿದೆ. ಅದನ್ನ ಏನು ಹೇಳೋದು ಅಂತ ಬಿಟ್ಟೆ, ಹರಿತ ಮಾಡಿಸಿದ ಮೇಲೆ ಇನ್ನೂ ಚೆನ್ನಾಗೇ ಆಗಬೇಕಲ್ವಾ.

ಹಳೇ_ಪಾನಾ:
ಯಾವ ಮುಖಕ್ಕೆ ಹಿಡಿದರು?

ಬೆಣ್ಣೆದೋಸೆ_77:
ಎಲ್ಲಾ ಕಡೆ ಫಳಫಳ ಅಂತಿತ್ತು. ಒಳಗಡೆ ಅಗಲ ಮುಖ ಕನ್ನಡಿ ಆಗಿತ್ತು.

ಹಳೇ_ಪಾನಾ:
ಮುಗೀತು. ಸಾಣೆ ಸಣ್ಣ ಅಂಚಿಗೆ ಮಾತ್ರ ಹಿಡಿಬೇಕು. ಒಂದು ಬ್ಲೇಡು ಇನ್ನೊಂದಕ್ಕೆ ಒರೆಸಿಕೊಂಡು ಹೋಗೋ ಅಗಲ ಮುಖ ಮುಟ್ಟಬಾರದು. ಅಲ್ಲಿ ಎಷ್ಟು ಸವೆಸಿದರೋ ಅಷ್ಟು ಸಂದು.

ಲೇತ್_ಹರಿಹರ:
ನಾನೂ ಸಾಣೆದೇ ತಕರಾರು ಅಂದಿದ್ದೆ, ನೋಡಿ.

ದುರ್ಗದ_ಕಿಡಿ:
😂😂

ಹಳೇ_ಪಾನಾ:
ಮೊದಲು ಹಿಡಿಯನ್ನ ಹಗ್ಗ ಹಾಕಿ ಮೇಲಕ್ಕೆ ಬಿಗಿಯಾಗಿ ಕಟ್ಟು. ಬ್ಲೇಡು ಬಿಚ್ಚುವಾಗ ಅದು ಕೆಳಗೆ ಬಿದ್ದರೆ ಬೆರಳು ಉಳಿಯಲ್ಲ. ಆಮೇಲೆ ಬ್ಲೇಡು ತಿರುಗೋ ಪಿವಟ್ ಬೋಲ್ಟಿಗೆ ಪಾನಾ ಹಾಕಿ ನೋಡು, ಆಟ ಇದ್ದರೆ ಬಿಗಿ ಮಾಡು. ಇನ್ನೂ ಸಂದು ಉಳಿದರೆ ಕೆಳಗಿನ ಬ್ಲೇಡಿನ ಹಿಂದೆ ಪ್ಯಾಕಿಂಗ್ ಕೊಡು. ಕೂಲ್‌ಡ್ರಿಂಕ್ ಕ್ಯಾನಿನ ತಗಡು ಹತ್ತಿರ ಹತ್ತಿರ 0.1 ಮಿ.ಮೀ. ಇರುತ್ತೆ, ಒಂದೊಂದೇ ಪದರ ಹಾಕುತ್ತಾ ಪೇಪರ್ ಕಟ್ ಮಾಡಿ ನೋಡು. ಬ್ಲೇಡಿಗೆ ಬ್ಲೇಡು ಗುದ್ದೋ ಹಾಗೆ ಮಾತ್ರ ಹಾಕಬೇಡ, ಅಂಚು ಚಕ್ಕೆ ಎದ್ದು ಹೋಗುತ್ತೆ.

ಲೇತ್_ಹರಿಹರ:
ಕ್ಯಾನ್ ಅಲ್ಯುಮಿನಿಯಂ, ಒತ್ತಿ ಒತ್ತಿ ತೆಳ್ಳಗಾಗುತ್ತೆ. ಹಿತ್ತಾಳೆ ಷಿಮ್ ಹಾಕಿ, ಸಂದಿಗೆ ಕೊಡೋ ತೆಳು ಪಟ್ಟಿ.

ಹಳೇ_ಪಾನಾ:
ಶುಕ್ರವಾರದವರೆಗೆ ತಡೆಯುತ್ತೆ ಬಿಡ್ರೀ.

ಬೆಣ್ಣೆದೋಸೆ_77:
ಪಿವಟ್ ಕಾಲು ಸುತ್ತು ಬಿಗಿ ಆಯ್ತು. ಎರಡು ಪದರ ಕ್ಯಾನ್ ಹಾಕಿದೆ. ಮೊದಲನೇ ಸಲ ಪೇಪರ್ ಅಗಿದು ಹಾಕ್ತು, ಎರಡನೇ ಪದರಕ್ಕೆ ಸರ್ರಂತ ಕಟ್ ಆಯ್ತು! ತಗಡೂ ಕಟ್ ಆಗ್ತಿದೆ. ಆದರೆ ತುದಿಯ ಎರಡು ಇಂಚಲ್ಲಿ ಮಾತ್ರ ಇನ್ನೂ ಮಡಚುತ್ತೆ.

ಹಳೇ_ಪಾನಾ:
ತುದಿಯಲ್ಲಿ ಜಾಸ್ತಿ ಸವೆಸಿದ್ದಾರೆ. ಅದಕ್ಕೆ ಪ್ಯಾಕಿಂಗ್ ಸಾಕಾಗಲ್ಲ, ಸರ್ಫೇಸ್ ಗ್ರೈಂಡರ್ ಇರೋ ಕಡೆ ಕೊಟ್ಟು ಮುಖ ಸಮ ಮಾಡಿಸಿ ಮತ್ತೆ ಪ್ಯಾಕಿಂಗ್ ಹಾಕಬೇಕು. ಸದ್ಯಕ್ಕೆ ತುದಿವರೆಗೆ ಹಿಡಿ ಎಳಿಬೇಡ. ಮುಕ್ಕಾಲು ಭಾಗ ಎಳಿ, ತಗಡು ಮುಂದೆ ತಳ್ಳು, ಮತ್ತೆ ಎಳಿ.

ಬೆಣ್ಣೆದೋಸೆ_77:
ಹಾಗೇ ಮಾಡಿದೆ. ನಾಲ್ಕು ಡಬ್ಬಕ್ಕೆ ತಗಡು ಕಟ್ ಆಯ್ತು. ತಗಡು ಖಾಲಿ, ನಾಳೆ ಇನ್ನೊಂದು ಶೀಟ್ ತರಬೇಕು, ಲಾಭ ಎಲ್ಲಾ ಗುಜರಿ ಪಾಲು.

ದುರ್ಗದ_ಕಿಡಿ:
ಫೋಟೋ ಹಾಕಿದ್ದೀನಿ ನೋಡಿ, ಎಡಗಡೆ ಇರೋದೇ ಫುಟ್ ಶಿಯರ್.

ಕೊಂಡಜ್ಜಿ_ಹುಡುಗ:
ಗುರು, ಆ ಹಳೇ ಶಿಯರ್ ಮಾರೋದಿದ್ರೆ ಎಷ್ಟಕ್ಕೆ ಕೊಡ್ತೀರಾ?