ನ್ಯಾಯದ ಬೆಲೆ ಎಂದು ಬರೆದ ಕಾಫಿ: ಇಥಿಯೋಪಿಯಾದ ಬೆಳೆಗಾರನಿಗೆ ಸಿಗುವುದೆಷ್ಟು?

ಕಲ್ಯಾಣಪುರದವಳು:
ದುಬೈಯಲ್ಲಿರುವ ಮಗ ರಜೆಗೆ ಬಂದಾಗ ಇಥಿಯೋಪಿಯಾದ ಯಿರ್ಗಾಚೆಫೆ ಪ್ರದೇಶದ ಕಾಫಿಪುಡಿ ತಂದಿದ್ದಾನೆ. ಅಭ್ಯಾಸದಂತೆ ಹಾಲು ಬೆರೆಸಿದೆ, ರುಚಿ ಹತ್ತಲಿಲ್ಲ. ಬರೀ ಡಿಕಾಕ್ಷನ್ ಕುಡಿದಾಗ ನಿಂಬೆಹೂವಿನ ಪರಿಮಳ! ಪೊಟ್ಟಣದ ಹಿಂದೆ ಬೆಳೆಗಾರನಿಗೆ ನ್ಯಾಯದ ಬೆಲೆ ಎನ್ನುವ ಫೇರ್‌ಟ್ರೇಡ್ ಮುದ್ರೆ, ಬುಟ್ಟಿ ಹಿಡಿದು ನಗುವ ಹೆಂಗಸಿನ ಚಿತ್ರ. ನನ್ನ ಅಮ್ಮ ಮಂಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷ ಬೀಜ ಹೆಕ್ಕಿದವರು. ಕಪ್ಪು ಬೀಜ, ಒಡಕು ಬೀಜ ಬೇರೆ ಮಾಡಿ ಮಾಡಿ ಬಲಗೈಯ ಎರಡು ಬೆರಳ ತುದಿ ನುಣುಪಾಗಿ ಸವೆದಿತ್ತು. ಹಾಗಾಗಿ ಆ ಚಿತ್ರವನ್ನು ಸುಮ್ಮನೆ ನೋಡಿ ಬಿಡಲು ನನ್ನಿಂದಾಗದು. ಆ ಹೆಂಗಸಿಗೆ ನಿಜವಾಗಿ ಸಿಗುವುದೆಷ್ಟು? ತಿಳಿದವರು ಹೇಳಿ.

ಬಂದರಿನ ಹಳಬ:
ಅಕ್ಕಾ, ನಾನು ಪಣಂಬೂರಿನಲ್ಲಿ ಕಾಫಿ ರಫ್ತಿನ ಕಾಗದಪತ್ರ ನೋಡಿಕೊಂಡು ನಿವೃತ್ತನಾದವನು. ಆ ಮುದ್ರೆಗೆ ಒಂದು ಲೆಕ್ಕವಿದೆ. 2023ರ ಆಗಸ್ಟ್‌ನಿಂದ ತೊಳೆದ ಅರೇಬಿಕಾಕ್ಕೆ (ಹಣ್ಣಿನ ತಿರುಳು ತೆಗೆದು, ತೊಳೆದು ಒಣಗಿಸಿದ ಅರೇಬಿಕಾ ಜಾತಿಯ ಕಾಫಿ) ಕನಿಷ್ಠ ಬೆಲೆ ಪೌಂಡಿಗೆ, ಅಂದರೆ ಸುಮಾರು 450 ಗ್ರಾಂಗೆ, 1.80 ಡಾಲರ್, ಅದರ ಮೇಲೆ 20 ಸೆಂಟ್ ಸಮುದಾಯದ ನಿಧಿಗೆ. ಮಾರುಕಟ್ಟೆ ದರ ಹೆಚ್ಚಿದ್ದರೆ ಆ ದರವನ್ನೇ ಕೊಡಬೇಕು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಕಾಫಿ ಮಾರುಕಟ್ಟೆಯ ದರ ಪೌಂಡಿಗೆ 4 ಡಾಲರ್ ದಾಟಿತ್ತು.

ಆದರೆ ಇದು ಹಡಗೇರುವ ಹಂತದ ಬೆಲೆ, ರೈತನ ಅಂಗಳದ ಬೆಲೆಯಲ್ಲ. ಹಣ ಮೊದಲು ಸಹಕಾರ ಸಂಘಕ್ಕೆ ಹೋಗುತ್ತದೆ. ಒಂದು ಕಿಲೋ ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು. ಕನಿಷ್ಠ ಬೆಲೆಯನ್ನು ಹಣ್ಣಿಗೆ ಇಳಿಸಿದರೆ ಕಿಲೋಗೆ 65ರಿಂದ 80 ಸೆಂಟ್. ಪಲ್ಪಿಂಗ್ (ಹಣ್ಣಿನ ಸಿಪ್ಪೆ, ತಿರುಳು ತೆಗೆಯುವುದು), ಒಣಗಿಸುವ ಕೂಲಿ, ಸಾಲದ ಬಡ್ಡಿ ಎಲ್ಲವೂ ಅದರಲ್ಲೇ ಕಳೆಯಬೇಕು. ಇಥಿಯೋಪಿಯಾಕ್ಕೆ ಕಡಲೂ ಇಲ್ಲ, ಜಿಬೂಟಿ ಬಂದರಿನವರೆಗೆ ಸಾಗಿಸುವ ಖರ್ಚು ಬೇರೆ. ಉಳಿದದ್ದು ಆ ಹೆಂಗಸಿನದು.

ಪೊಟ್ಟಣದಲ್ಲಿ ಸಹಕಾರ ಸಂಘಗಳ ಒಕ್ಕೂಟದ ಹೆಸರು ಹುಡುಕಿ. ಒರೋಮಿಯಾ ಒಕ್ಕೂಟ 1999ರದ್ದು, ಯಿರ್ಗಾಚೆಫೆಯದ್ದು 2002ರದ್ದು. ಇಂಥ ಒಕ್ಕೂಟಗಳು ನೇರವಾಗಿ ರಫ್ತು ಮಾಡುತ್ತವೆ. ಲಾಭ ಬಂದ ವರ್ಷ ಸದಸ್ಯರಿಗೆ ಎರಡನೆಯ ಕಂತೂ ಸಿಗುತ್ತದೆ.

ಕಾರ್ಕಳದ ಅಡಿಕೆ ತೋಟ:
ದರದ ಮಾತು ಸರಿ. ನಾನು ನೋಡುವುದು ಕಾಯುವ ಶಕ್ತಿಯನ್ನು. ನಮ್ಮ ಅಟ್ಟದಲ್ಲಿ ಕಳೆದ ವರ್ಷದ ಚಾಲಿ ಅಡಿಕೆ ಇನ್ನೂ ಇದೆ, ದರ ಬಂದಾಗ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊಗೆ ಕೊಡುತ್ತೇವೆ. 1973ರಲ್ಲಿ ಆ ಸಂಸ್ಥೆ ಹುಟ್ಟುವ ಮೊದಲು ಅಜ್ಜ ವ್ಯಾಪಾರಿ ಹೇಳಿದ ಬೆಲೆಗೆ ಒಪ್ಪಿ ಬರುತ್ತಿದ್ದರಂತೆ. ಕಾಫಿಯ ಕೆಂಪು ಹಣ್ಣಿಗೆ ಅಟ್ಟವೇ ಇಲ್ಲ. ಕೊಯ್ದ ದಿನವೇ ಪಲ್ಪರಿಗೆ ಬೀಳದಿದ್ದರೆ ಹುಳಿ ಬರುತ್ತದೆ. ಹೊತ್ತು ತಂದವರು ಸಂಜೆಯೊಳಗೆ ಸಿಕ್ಕ ಬೆಲೆಗೆ ಕೊಟ್ಟೇ ಹೋಗಬೇಕು. ಸಿಪ್ಪೆ ಸಹಿತ ಒಣಗಿಸಿದರೆ ಮನೆಯಲ್ಲಿ ಇಡಬಹುದು, ಆದರೆ ಅದು ತೊಳೆದ ಕಾಫಿಯಾಗದು.

ಅಲ್ಲಿನ ಹೆಚ್ಚಿನವರದು ಒಂದು ಹೆಕ್ಟೇರೂ ಇಲ್ಲದ ಹಿತ್ತಲು. ಬಾಳೆಯಂತೆ ಕಾಣುವ ಎನ್ಸೆಟ್ ಗಿಡದ ಪಕ್ಕದಲ್ಲೇ ಕಾಫಿ. ಎನ್ಸೆಟ್‌ನ ದಿಂಡು, ಗೆಡ್ಡೆ ಹೊಟ್ಟೆಗೆ, ಕಾಸಿಗೆ ಕಾಫಿ. ಕೊಯ್ಲಿನ ತಿಂಗಳಲ್ಲಿ ಸಂಘದ ಬಳಿ ನಗದು ಇದೆಯೇ ಎಂಬುದೇ ಅವರಿಗೆ ದೊಡ್ಡ ಪ್ರಶ್ನೆ.

ಬಂದರಿನ ಹಳಬ:
ನಿಜ, ಇದನ್ನು ನಾನೇ ಹೇಳಬೇಕಿತ್ತು. ಸಂಘ ಕೇಳಿದರೆ ಕೊಳ್ಳುವವರು ಒಪ್ಪಂದದ ಮೊತ್ತದ ಶೇ. 60ರವರೆಗೆ ಮುಂಗಡ ಒದಗಿಸಬೇಕೆಂದು ಫೇರ್‌ಟ್ರೇಡ್ ನಿಯಮವಿದೆ. ನನ್ನ ಮಟ್ಟಿಗೆ ಕನಿಷ್ಠ ಬೆಲೆಗಿಂತ ಇದೇ ದೊಡ್ಡದು.

ಕಲ್ಯಾಣಪುರದವಳು:
ಇಬ್ಬರಿಗೂ ಉಪಕಾರವಾಯಿತು. ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಯಿರ್ಗಾಚೆಫೆ ಎಂದಿದೆ, ಒಕ್ಕೂಟದ ಹೆಸರಿಲ್ಲ. ಯಾವ ಸಂಘದ ಕಾಫಿ, ಮುಂಗಡ ಕೊಟ್ಟಿದ್ದಾರೆಯೇ ಎಂದು ಅಂಗಡಿಯವರನ್ನು ಕೇಳಲು ಮಗನಿಗೆ ಹೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ.