ಅಪ್‌ಡೇಟ್: ಶೇರ್‌ಪಾಯಿಂಟ್ ಲೈಬ್ರರಿಯ ಫೈಲ್ ಲೆಕ್ಕ ಕೊನೆಗೂ ಸಿಕ್ಕಿತು

ಶೇರ್‌ಪಾಯಿಂಟ್ (ಮೈಕ್ರೋಸಾಫ್ಟ್‌ನ ಫೈಲ್ ಹಂಚಿಕೆಯ ತಾಣ) ಡಾಕ್ಯುಮೆಂಟ್ ಲೈಬ್ರರಿಯ ಒಂದೊಂದು ಫೋಲ್ಡರ್‌ನಲ್ಲೂ ಎಷ್ಟೆಷ್ಟು ಫೈಲ್ ಇವೆ ಅಂತ ಪವರ್‌ಶೆಲ್‌ನಲ್ಲಿ (ಕಮಾಂಡ್ ಬರೆದು ಕೆಲಸ ಮಾಡಿಸುವ ಸಾಧನ) ಎಣಿಸೋದು ಹೇಗೆ ಎಂದು ಕೇಳಿದ್ದೆನಲ್ಲ, ಕೆಲಸ ಆಯಿತು.

ಫೋಲ್ಡರ್ ಒಳಗೆ ಫೋಲ್ಡರ್ ಹೊಕ್ಕು ಎಣಿಸುವ ಸಲಹೆ ಆಗಿಬರಲಿಲ್ಲ. ಆಮೆ ನಡಿಗೆ. ಕೈ ಹಿಡಿದದ್ದು ಲೈಬ್ರರಿಯ ಐಟಂಗಳನ್ನು ತಂದುಕೊಡುವ ಪವರ್‌ಶೆಲ್ ಕಮಾಂಡ್ ಗೆಟ್-ಪಿಎನ್‌ಪಿಲಿಸ್ಟ್‌ಐಟಂ. ಪೇಜ್‌ಸೈಜ್ 2000 (ಒಂದು ಸಲಕ್ಕೆ 2000 ಐಟಂ) ಕೊಟ್ಟು ಎಲ್ಲವನ್ನೂ ತಂದೆ, ಎಫ್‌ಎಸ್‌ಆಬ್ಜ್‌ಟೈಪ್ 0 ಇರುವುದನ್ನಷ್ಟೇ ಇಟ್ಟುಕೊಂಡೆ (ಐಟಂ ಯಾವ ಬಗೆಯದು ಎಂದು ಹೇಳುವ ಕಾಲಂ ಇದು; 0 ಅಂದ್ರೆ ಫೈಲ್, 1 ಅಂದ್ರೆ ಫೋಲ್ಡರ್), ಫೈಲ್‌ಡಿರ್‌ರೆಫ್ ಪ್ರಕಾರ (ಫೈಲ್ ಯಾವ ಫೋಲ್ಡರ್‌ನಲ್ಲಿದೆ ಎಂದು ಹೇಳುವ ಕಾಲಂ) ಗ್ರೂಪ್ ಮಾಡಿದೆ. ಪೇಜ್‌ಸೈಜ್ ಬಿಡಬೇಡಿ, ದೊಡ್ಡ ಲೈಬ್ರರಿ ಆದ್ರೆ ಒಂದೇ ಸಲಕ್ಕೆ 5000 ಐಟಂ ಎಂಬ ಶೇರ್‌ಪಾಯಿಂಟ್ ಮಿತಿ ಅಡ್ಡ ಬರುತ್ತದೆ.

ಆಶ್ಚರ್ಯ ಏನಂದ್ರೆ, ಲೈಬ್ರರಿ ತಾನೇ ತೋರಿಸುವ ಒಟ್ಟು ಸಂಖ್ಯೆ, ಐಟಂಕೌಂಟ್, ಫೋಲ್ಡರ್‌ಗಳನ್ನೂ ಸೇರಿಸಿಯೇ ಲೆಕ್ಕ ಹೇಳುತ್ತದೆ. ಇತ್ತ ಮೊದಲ ವಿಧಾನ ಫಾರ್ಮ್ಸ್ ಎಂಬ ಅಡಗಿದ ಫೋಲ್ಡರ್‌ಗೂ ನುಗ್ಗಿ ಆಲ್‌ಐಟಮ್ಸ್.ಎಎಸ್‌ಪಿಎಕ್ಸ್‌ನಂಥ ಒಳಗಿನ ಪುಟಗಳನ್ನೂ ಎಣಿಸಿತ್ತು. ಮತ್ತೆ ಈ ಲೆಕ್ಕಗಳು ತಾಳೆ ಹೇಗೆ ಆಗಬೇಕು, ಅಲ್ವಾ? ಖಾಲಿ ಫೋಲ್ಡರ್ ಮಾತ್ರ ಈ ಗ್ರೂಪ್‌ನಲ್ಲಿ ಕಾಣೋದೇ ಇಲ್ಲ. ಅದೂ ಬೇಕಿದ್ದರೆ 1 ಇರುವುದನ್ನು ಬೇರೆಯಾಗಿ ತೆಗೆದುಕೊಳ್ಳಿ.