ಪಿಬಿಸಿ, ಪಿಎಸ್‌ಸಿ ಬೇರ್ಪಡಿಸಲು ಸೀರಂ ಪಿತ್ತಾಮ್ಲಗಳ ಪ್ರೊಫೈಲ್ ಸಾಕೆ?

ಸೀರಂ_ಟ್ಯೂಬ್:
ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ (ಪಿಬಿಸಿ), ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ (ಪಿಎಸ್‌ಸಿ) ಎರಡೂ ಪಿತ್ತನಾಳಗಳು ಹಾಳಾಗುವ ಲಿವರ್ ಕಾಯಿಲೆಗಳು, ಎರಡರಲ್ಲೂ ರಕ್ತದ ಎಎಲ್‌ಪಿ, ಜಿಜಿಟಿ ಕಿಣ್ವಗಳು ಏರುತ್ತವೆ. ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ (ಕಾಲಂನಲ್ಲಿ ಬೇರ್ಪಡಿಸಿ, ದ್ರವ್ಯರಾಶಿಯಿಂದ ಗುರುತಿಸುವ ಯಂತ್ರ) 15 ಪಿತ್ತಾಮ್ಲಗಳನ್ನು ಅಳೆದು ಇವೆರಡನ್ನು ಬೇರೆ ಮಾಡಬಹುದೇ? ಹೋಲಿಕೆಗೆ ಆರೋಗ್ಯವಂತರ ಸೀರಂ ಇದೆ. ರೋಗಿಗಳಲ್ಲಿ ಹೆಚ್ಚಿನವರು ಯುಡಿಸಿಎ (ತಾನೇ ಒಂದು ಪಿತ್ತಾಮ್ಲವಾದ ಔಷಧಿ) ಮಾತ್ರೆಯಲ್ಲಿದ್ದಾರೆ. ಊಟದ ಸಮಯ ಬರೆದಿಟ್ಟಿಲ್ಲ.

ಕಾಲಂ_ಸಿ18:
ಊಟದ ಸಮಯ ಇಲ್ಲವೆಂದರೆ ಅರ್ಧ ಕೆಲಸ ಅಲ್ಲೇ ಕೆಟ್ಟಿತು. ಉಂಡ ಮೇಲೆ ಪಿತ್ತಕೋಶ ಕುಗ್ಗಿ, ಕರುಳು ಹೀರಿದ ಪಿತ್ತಾಮ್ಲ ರಕ್ತಕ್ಕೆ ಬರುವುದರಿಂದ ಆರೋಗ್ಯವಂತರಲ್ಲೂ ಮಟ್ಟ ಏರುತ್ತದೆ. ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಕೊಟ್ಟ ರಕ್ತವೇ ಬೇಕು. ಸಿ4 (ಲಿವರ್ ಪಿತ್ತಾಮ್ಲ ತಯಾರಿಸುವ ವೇಗ ತೋರಿಸುವ ಗುರುತು) ಕೂಡ ಅಳೆಯುವುದಾದರೆ ಎಲ್ಲರದ್ದೂ ಒಂದೇ ಹೊತ್ತಿಗೆ ತೆಗೆಯಿರಿ, ಅದು ದಿನದೊಳಗೇ ಏರಿಳಿಯುತ್ತದೆ.

ಯುಡಿಸಿಎ ಅದಕ್ಕಿಂತ ದೊಡ್ಡ ತೊಡಕು. ದಿನಕ್ಕೆ ಕೆ.ಜಿ. ತೂಕಕ್ಕೆ 13–15 ಮಿ.ಗ್ರಾಂ. ನುಂಗುವವರ ಸೀರಂನಲ್ಲಿ ಅದೂ ಅದರ ಗ್ಲೈಸಿನ್ ಸಂಯುಕ್ತವೂ (ಗ್ಲೈಸಿನ್ ಅಮೈನೋ ಆಮ್ಲ ಸೇರಿದ ರೂಪ) ಉಳಿದೆಲ್ಲವನ್ನೂ ಮುಚ್ಚಿಹಾಕುತ್ತವೆ. ಆಗ ನಿಮ್ಮ ಮಾಡೆಲ್ ಗುರುತಿಸುವುದು ಮಾತ್ರೆ ತಿಂದವರನ್ನು. ಮೊತ್ತದಿಂದ ಯುಡಿಸಿಎ ಕಳೆದರೂ ಸರಿಹೋಗದು, ಉಳಿದವುಗಳ ಅನುಪಾತವೂ ಬದಲಾಗಿರುತ್ತದೆ. ಚಿಕಿತ್ಸೆ ಶುರುವಾಗದ ಹೊಸ ರೋಗಿಗಳನ್ನೇ ಆರಿಸಿ.

ಯಂತ್ರದ ವಿಷಯ: ಸಿಡಿಸಿಎ, ಡಿಸಿಎ, ಯುಡಿಸಿಎ ಈ ಮೂರು ಪಿತ್ತಾಮ್ಲಗಳಿಗೂ ನೆಗೆಟಿವ್ ಮೋಡಿನಲ್ಲಿ ಎಂ/ಝಡ್ (ದ್ರವ್ಯರಾಶಿ-ವಿದ್ಯುದಂಶ ಅನುಪಾತ) 391. ಇವು ಸರಿಯಾಗಿ ಒಡೆಯುವುದಿಲ್ಲ, ತುಣುಕಿನ ಬದಲು ಒಡೆಯದ ಅಯಾನನ್ನೇ, 391ರಿಂದ 391 ಎಂದೇ ನೋಡಬೇಕು. ಬೇರ್ಪಡಿಸುವ ಹೊಣೆಯೆಲ್ಲ ಕಾಲಂ ಮೇಲೆ. ಗ್ಲೈಸಿನ್ ಸಂಯುಕ್ತಗಳಲ್ಲಿ 74, ಟಾರಿನ್‌ನವುಗಳಲ್ಲಿ 80ರ ತುಣುಕು ಸಿಗುತ್ತದೆ ನಿಜ, ಆದರೆ ಐಸೋಮರ್‌ಗಳಿಗೆಲ್ಲ (ಒಂದೇ ಸೂತ್ರ, ಬೇರೆ ರಚನೆ ಇರುವವು) ಅದೇ ತುಣುಕು. ಪ್ರೋಟೀನ್ ತೆಗೆಯಲು 50 ಮೈಕ್ರೋಲೀಟರ್ ಸೀರಂಗೆ 150–200 ಮೈಕ್ರೋಲೀಟರ್ ತಣ್ಣನೆಯ ಮೆಥನಾಲ್ ಸಾಕು. ಡಿ4 ಇಂಟರ್ನಲ್ ಸ್ಟ್ಯಾಂಡರ್ಡ್ (ನಷ್ಟ ಲೆಕ್ಕಹಾಕಲು ಗೊತ್ತಿರುವಷ್ಟು ಸೇರಿಸುವ, ಡ್ಯೂಟೀರಿಯಂ ಇರುವ ಪಿತ್ತಾಮ್ಲ) ಆ ಮೆಥನಾಲ್‌ನಲ್ಲೇ ಇರಲಿ. ಸೆಂಟ್ರಿಫ್ಯೂಜ್ ಆದ ಮೇಲೆ ಹಾಕಿದರೆ ಪ್ರೋಟೀನ್ ಜೊತೆ ಕೆಳಗಿಳಿದು ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ.

ಲಿವರ್_ಓಪಿಡಿ:
ಹೋಲಿಕೆಯ ಗುಂಪೇ ಸರಿಯಿಲ್ಲ. ಪಿತ್ತ ಹರಿಯದಿದ್ದರೆ ಕಾರಣ ಯಾವುದೇ ಇರಲಿ, ಸಂಯುಕ್ತ ರೂಪದ ಪ್ರೈಮರಿ (ಲಿವರ್ ನೇರವಾಗಿ ತಯಾರಿಸುವ) ಪಿತ್ತಾಮ್ಲಗಳು ರಕ್ತದಲ್ಲಿ ಏರುತ್ತವೆ. ಆರೋಗ್ಯವಂತರ ಎದುರು ಯಾವ ಕೊಲೆಸ್ಟಾಸಿಸ್ (ಪಿತ್ತ ಹರಿಯದ ಸ್ಥಿತಿ) ಇಟ್ಟರೂ ಆರ್‌ಒಸಿ ಕರ್ವ್ (ಬೇರ್ಪಡಿಸುವ ಸಾಮರ್ಥ್ಯದ ನಕ್ಷೆ) ಚೆನ್ನಾಗೇ ಕಾಣುತ್ತದೆ! ನಾಳದ ಕಲ್ಲು, ಔಷಧಿಯಿಂದಾದ ಕೊಲೆಸ್ಟಾಸಿಸ್ ಇರುವವರನ್ನು ಎಎಲ್‌ಪಿ, ಬಿಲಿರುಬಿನ್ ಸರಿಹೊಂದಿಸಿ ಸೇರಿಸಿ. ಆಮೇಲೂ ವ್ಯತ್ಯಾಸ ಉಳಿದರೆ ಮಾತಾಡೋಣ.

ಪಿಬಿಸಿ ನಿರ್ಣಯಕ್ಕಂತೂ ಇದರ ಅಗತ್ಯವೇ ಇಲ್ಲ. ಎಎಲ್‌ಪಿ ಬಹುಕಾಲ ಏರಿದ್ದು, ಎಎಂಎ (ಮೈಟೋಕಾಂಡ್ರಿಯಾ ವಿರುದ್ಧದ ಪ್ರತಿಕಾಯ) 1:40 ಅಥವಾ ಹೆಚ್ಚು, ಬಯಾಪ್ಸಿ: ಮೂರರಲ್ಲಿ ಎರಡು ಹೊಂದಿದರೆ ಸಾಕು. ಪಿಎಸ್‌ಸಿಗೆ ಅಂಥ ರಕ್ತಪರೀಕ್ಷೆ ಇಲ್ಲ. ಪಿ-ಆಂಕಾ ಪ್ರತಿಕಾಯ ನಂಬುವಂಥದ್ದಲ್ಲ. ಎಂಆರ್‌ಸಿಪಿಯೇ (ಪಿತ್ತನಾಳಗಳ ಎಂಆರ್‌ಐ) ಗತಿ, ಜೊತೆಗೆ ಒಮ್ಮೆ ರಕ್ತದ ಐಜಿಜಿ4 ನೋಡಿ (ಅದು ಏರುವ ಕಾಯಿಲೆಯೊಂದು ಪಿಎಸ್‌ಸಿಯಂತೆಯೇ ಕಾಣುತ್ತದೆ). ಎಎಲ್‌ಪಿಯನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ ಮಾಡಿಸಬೇಡಿ, ಅದು ಆ ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಂ ಹಿಡಿದಿಡುವುದರಿಂದ ಅಂಕಿ ಸುಳ್ಳಾಗಿ ಇಳಿಯುತ್ತದೆ.

ಸೀರಂ_ಟ್ಯೂಬ್:
ಎಎಂಎ ನೆಗೆಟಿವ್ ಬಂದು ಎಎಲ್‌ಪಿ ಮಾತ್ರ ಏರಿದ್ದರೆ, ಸರ್?

ಲಿವರ್_ಓಪಿಡಿ:
ಮೊದಲು ಜಿಜಿಟಿ ನೋಡಿ. ಅದು ನಾರ್ಮಲ್ ಇದ್ದರೆ ಎಎಲ್‌ಪಿ ಮೂಳೆಯದೋ, ಗರ್ಭಿಣಿಯಾದರೆ ಪ್ಲಾಸೆಂಟಾದ್ದೋ ಆಗಿರಬಹುದು. ಜಿಜಿಟಿಯೂ ಏರಿದ್ದರೆ ಪಿಬಿಸಿಗೆ ಸಂಬಂಧಿಸಿದ ಎಸ್‌ಪಿ100, ಜಿಪಿ210 ಪ್ರತಿಕಾಯ ಮಾಡಿಸಿ. ಅವೂ ಇಲ್ಲ, ಎಂಆರ್‌ಸಿಪಿಯೂ ಸರಿಯಿದೆ ಎಂದಾಗ ಬಯಾಪ್ಸಿ.